ಬುಟ್ಟಿಯೊಳಗಣ ಮೂವರು ಮಕ್ಕಳು

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಮಡಿದವರನ್ನು ಎಚ್ಚರಿಕೆಯಿಂದ ಎಣಿಸುತ್ತಾರೆ. ಕೊಲ್ಲಬಲ್ಲವನು ಕೊಲ್ಲದೆ ಬಿಟ್ಟುದರಿಂದ ಉಳಿದ ಜೀವಗಳ ಲೆಕ್ಕವು ಮಾತ್ರ ಯಾವ ದಫ್ತರದಲ್ಲಿಯೂ ಇರುವುದಿಲ್ಲ. ಅಂಥ ಒಂದು ಪ್ರಸಂಗವು ಎರಡನೆಯ ಮಹಾಯುದ್ಧದ ಇಟಲಿಯಿಂದ ನಮಗೆ ದೊರೆತಿದೆ.

೧೯೪೪ರಲ್ಲಿ ಜರ್ಮನರು ಅಪೆನೈನ್ ಪರ್ವತಗಳ ಉದ್ದಕ್ಕೂ ‘ಗಾಥಿಕ್ ರೇಖೆ’ ಎಂಬ ರಕ್ಷಣಾಪಂಕ್ತಿಯನ್ನು ರಚಿಸಿಕೊಂಡಿದ್ದರು. ಅದನ್ನು ಭೇದಿಸಲು ಹೋರಾಡಿದ ಮಿತ್ರಸೈನ್ಯದಲ್ಲಿ ನಮ್ಮ ಭಾರತದ ದಳಗಳೂ ಇದ್ದುವು, ಅಮೆರಿಕದ ದಳಗಳೂ ಇದ್ದುವು. ಅಮೆರಿಕದ ದಂಡಿನಲ್ಲಿ ಮಾರ್ಟಿನ್ ಆಡ್ಲರ್ ಎಂಬ, ಸುಮಾರು ಇಪ್ಪತ್ತು ವರ್ಷದ ತರುಣನಿದ್ದನು.

ಆ ಶರತ್ಕಾಲದಲ್ಲಿ, ಬೊಲೊನ್ಯಾ ನಗರದ ದಕ್ಷಿಣಕ್ಕಿರುವ ಮಾಂಟೆರೆಂಜಿಯೊ ಎಂಬಲ್ಲಿ ಅವನು ಮನೆಮನೆಯನ್ನೂ ಶೋಧಿಸುತ್ತಿದ್ದನು. ಬರಿದಾಗಿ ಕಂಡ ಒಂದು ಮನೆಯಲ್ಲಿ, ಹೆಣೆದ ದೊಡ್ಡ ಬುಟ್ಟಿಯೊಳಗಿಂದ ಸದ್ದು ಕೇಳಿಸಿತು. ಶತ್ರುವೇ ಅಡಗಿರುವನೆಂದು ಬಗೆದು ಬಂದೂಕನ್ನು ಗುರಿಯಿಟ್ಟನು. ಕೂಡಲೇ ಒಬ್ಬ ಹೆಂಗಸು ‘ಬಂಬೀನಿ, ಬಂಬೀನಿ’ ಎಂದು ಕೂಗುತ್ತ ಬಂದು ಅಡ್ಡ ನಿಂತಳು. ಆ ಮಾತಿಗೆ ಮಕ್ಕಳು ಎಂದರ್ಥ. ಬುಟ್ಟಿಯಿಂದ ಹೊರಬಂದವರು ಒಬ್ಬ ಹುಡುಗ, ಇಬ್ಬರು ಹುಡುಗಿಯರು. ಮೂವರೂ ಮೂರರಿಂದ ಆರು ವರ್ಷದೊಳಗಿನವರು. ತರುಣನಿಗೆ ನಗು ಬಂದಿತು. ಮಕ್ಕಳ ಚಿತ್ರವನ್ನು ತೆಗೆಯಲೇ ಎಂದು ಕೇಳಿದನು. ಒಳ್ಳೆಯ ಬಟ್ಟೆ ತೊಡಿಸಿದ ಮೇಲೆಯೇ ಆ ತಾಯಿ ಒಪ್ಪಿದಳು.

ಅವಳ ಭಯವು ನಿರಾಧಾರವಾದುದಲ್ಲ. ಅದೇ ವರ್ಷದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ, ಅಲ್ಲಿಗೆ ಬಹುದೂರವಲ್ಲದ ಮಾರ್ಜಬೊಟ್ಟೊ ಸೀಮೆಯಲ್ಲಿ ಜರ್ಮನ್ ಎಸ್.ಎಸ್. ಪಡೆಯು ಸುಮಾರು ೭೭೦ ಮಂದಿ ನಿರಾಯುಧರನ್ನು ಕೊಂದಿತು. ಅವರಲ್ಲಿ ಎಳೆಯ ಮಕ್ಕಳೂ ಬಹುಮಂದಿ ಇದ್ದರು.

ತರುಣನು ಆ ಚಿತ್ರವನ್ನು ಮುಪ್ಪಿನವರೆಗೂ ಜೋಪಾನಮಾಡಿದನು. ೨೦೨೦ರಲ್ಲಿ, ಕೊರೋನಾ ವ್ಯಾಧಿಯ ಕಾಲದಲ್ಲಿ, ಆತನ ಮಗಳು ಅದನ್ನು ಲೋಕದ ಮುಂದಿಟ್ಟಳು. ಇಟಲಿಯ ಪತ್ರಿಕಾಕರ್ತರೊಬ್ಬರು ದಂಡಿನ ಗುರುತು ಹಿಡಿದು ಸ್ಥಳವನ್ನು ನಿಶ್ಚಯಿಸಿದರು. ಮೂವರೂ ವೃದ್ಧರಾಗಿ ಬದುಕಿದ್ದರು! ೨೦೨೧ರ ಆಗಸ್ಟಿನಲ್ಲಿ ೯೭ ವರ್ಷದ ಆಡ್ಲರರು ಬೊಲೊನ್ಯಾಕ್ಕೆ ಹೋಗಿ ಅವರ ಕೈಹಿಡಿದು, ಅಂದಿನಂತೆಯೇ ಚಾಕೊಲೆಟ್ ಹಂಚಿದರು. ಮರುವರ್ಷ ಅವರು ಕಾಲವಾದರು.

ಇದರಿಂದ ಯುದ್ಧದ ಜಯಾಪಜಯಗಳೇನೂ ಬದಲಾಗಲಿಲ್ಲ, ನಿಜ. ಆದರೆ ಆ ಬುಟ್ಟಿಯಿಂದ ಮೂರು ಸಂಸಾರಗಳು ಬೆಳೆದುವು. ಗುರಿಯಿಟ್ಟವನು ಪರಭಾಷೆಯ ಒಂದು ಮಾತಿಗೆ ಕಿವಿಗೊಟ್ಟ ಆ ಒಂದು ಕ್ಷಣವನ್ನೂ ಚರಿತ್ರಕಾರನು ಬರೆದಿಡತಕ್ಕದ್ದು. ಸಾವಿನ ಲೆಕ್ಕವೊಂದನ್ನೇ ಓದಿದ ಮಕ್ಕಳು, ಮನುಷ್ಯನಿಗೆ ತಡೆದು ನಿಲ್ಲುವ ಶಕ್ತಿಯೂ ಉಂಟೆಂಬುದನ್ನು ಎಲ್ಲಿಂದ ಕಲಿತಾರು?