ಹೈಫಾದ ಮೈಸೂರು ರಾವುತರು ಮತ್ತು ಚೀಯೋನಿನ ರಾಜಕಾರಣ

ಬೆಂಗಳೂರಿನ ಉತ್ತರಭಾಗದಲ್ಲಿ, ಆರ್. ಟಿ. ನಗರಕ್ಕೆ ಅನತಿದೂರವಾದ ಜೆ. ಸಿ. ನಗರದಲ್ಲಿ ಒಂದು ಸ್ಮಾರಕಸ್ತಂಭವುಂಟು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಮೈಸೂರು ಲಾನ್ಸರ್ ಪಡೆಯ ಯೋಧರ ನೆನಪಿಗಾಗಿ ಅದನ್ನು ನಿಲ್ಲಿಸಲಾಯಿತು. ಅವರ ಜಯದಿಂದ ಯಾವ ರಾಜಕಾರಣಕ್ಕೆ ದಾರಿಯಾಯಿತೆಂಬುದನ್ನು ವಿಚಾರಿಸುವವರು ವಿರಳ.

1918ನೆಯ ಸೆಪ್ಟೆಂಬರ್ 23ರಂದು ಈ ಪಡೆಯು ಜೋಧಪುರದ ರಾವುತರೊಡಗೂಡಿ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ಜೋಧಪುರದವರು ಪಟ್ಟಣದ ಮೇಲೆ ನುಗ್ಗಿದರು. ಮೈಸೂರಿನ ಒಂದು ದಳವು ಕರ್ಮೆಲ್ ಬೆಟ್ಟವನ್ನೇರಿ ಶತ್ರುವಿನ ಫಿರಂಗಿಗಳ ಮೇಲೆ ಬಿದ್ದಿತು. ಮೈಸೂರಿನ ಸವಾರನಿಗೆ ಕರ್ಮೆಲ್ ಒಂದು ಕಡಿದಾದ ಬೆಟ್ಟ, ಕೀಷೋನ್ ಒಂದು ಕೆಸರುಹೊಳೆ. ಬೈಬಲನ್ನು ಓದಿ ಬೆಳೆದ ಆಂಗ್ಲನಿಗಾದರೋ ಅವು ಪ್ರವಾದಿಯಾದ ಎಲೀಯನ ಬೆಟ್ಟ, ಎಲೀಯನ ಹೊಳೆ.

ಈ ಭೇದದಲ್ಲಿಯೇ ವಿಷಯದ ಮರ್ಮವಡಗಿದೆ. ಯೆಹೂದ್ಯರು ಚೀಯೋನಿಗೆ ಮರಳಿದಲ್ಲದೆ ಕ್ರಿಸ್ತನ ಪುನರಾಗಮನವಾಗದೆಂಬ ನಂಬಿಕೆ ಇಂಗ್ಲೆಂಡಿನ ಅನೇಕ ಸುವಾರ್ತಾನಿಷ್ಠ ಪ್ರಾಟೆಸ್ಟಂಟರಲ್ಲಿ ಬೇರೂರಿದ್ದಿತು. ಮುಂದೆ ಷಾಫ್ಟ್ಸ್‌ಬರಿ ಎಂದು ಹೆಸರಾದ ಆಷ್ಲಿ ಪ್ರಭುವು 1840ರಲ್ಲಿ ಈ ಪುನರ್ವಸತಿಯನ್ನು ವಿದೇಶಾಂಗ ಮಂತ್ರಿ ಪಾಮರ್ಸ್ಟನ್ನನಿಗೆ ಸೂಚಿಸಿದನು. ಮಂತ್ರಿಗೆ ಭವಿಷ್ಯವಾಣಿ ರುಚಿಸದೆಂದರಿತು, ರಾಜನೀತಿ ಮತ್ತು ವಾಣಿಜ್ಯಗಳ ಲಾಭವನ್ನೇ ಮುಂದಿಟ್ಟನು. ಹೀಗೆ ಧರ್ಮಶ್ರದ್ಧೆಯು ರಾಜ್ಯತಂತ್ರದ ವೇಷವನ್ನು ತೊಟ್ಟಿತು. 1896ರಲ್ಲಿ ಚೀಯೋನ್ ಚಳವಳಿಯ ನಾಯಕ ಹೆರ್ಜಲನಿಗೆ ಜರ್ಮನಿಯ ಅರಮನೆಯ ಬಾಗಿಲನ್ನು ತೆರೆಸಿದ ಪಾದ್ರಿ ವಿಲಿಯಂ ಹೆಕ್ಲರನು ಹುಟ್ಟಿದ್ದು ನಮ್ಮ ಕಾಶಿಯಲ್ಲಿಯೇ, 1845ರಲ್ಲಿ, ಮಿಷನರಿಯೊಬ್ಬನ ಮಗನಾಗಿ.

1917ನೆಯ ನವೆಂಬರ್ 2ರ ಬಾಲ್ಫರ್ ಘೋಷಣೆಯು ಪ್ಯಾಲೆಸ್ತೀನಿನಲ್ಲಿ ಯೆಹೂದ್ಯರಿಗೆ ರಾಷ್ಟ್ರೀಯ ನೆಲೆಯನ್ನು ಒದಗಿಸುವ ಮಾತನ್ನಾಡಿತು. ಪ್ರಧಾನಿ ಲಾಯ್ಡ್ ಜಾರ್ಜನು ಬೋಧಕನಾದ ಸೋದರಮಾವನ ಮನೆಯಲ್ಲಿ ಬೈಬಲನ್ನು ಕಲಿತು ಬೆಳೆದವನು. ಆದರೆ ಶ್ರದ್ಧೆಯೊಂದೇ ಕಾರಣವೆನ್ನುವುದು ಯುಕ್ತವಲ್ಲ. ಸೂಯೆಜ್ ಕಾಲುವೆಯ ರಕ್ಷಣೆ, ಯುದ್ಧಕಾಲದ ಪ್ರಚಾರ, ಯೆಹೂದ್ಯ ನಾಯಕರ ಪ್ರಯತ್ನ ಇವೆಲ್ಲವೂ ಕೂಡಿದ್ದುವು. ಶ್ರದ್ಧೆಯು ಈ ಬೀಜಗಳಿಗೆ ಹದವಾದ ನೆಲವಾಯಿತು. ಸಂಪುಟದಲ್ಲಿ ಇದನ್ನು ಕಟುವಾಗಿ ವಿರೋಧಿಸಿದವನು ಇಂಡಿಯಾ ಮಂತ್ರಿ ಎಡ್ವಿನ್ ಮಾಂಟೆಗ್ಯು. ಅವನು ಸ್ವತಃ ಯೆಹೂದ್ಯನೆಂಬುದು ಗಮನಾರ್ಹ. ಘೋಷಣೆಯು ಅಲ್ಲಿನ ಬಹುಸಂಖ್ಯಾತ ಅರಬರನ್ನು ಹೆಸರಿಸದೆ, ಯೆಹೂದ್ಯೇತರ ಸಮುದಾಯಗಳೆಂದಷ್ಟೇ ಕರೆಯಿತು.

ಹನ್ನೊಂದು ತಿಂಗಳು ತುಂಬುವುದರೊಳಗೆ ಮೈಸೂರಿನ ಭಲ್ಲೆಯಗಳು ಹೈಫಾವನ್ನು ಸೇರಿದುವು. 1922ರಲ್ಲಿ ರಾಷ್ಟ್ರಸಂಘವು ಆ ದೇಶದ ಆಡಳಿತಾಧಿಕಾರವನ್ನು ಬ್ರಿಟನ್ನಿಗೆ ಒಪ್ಪಿಸಿ ಘೋಷಣೆಯನ್ನು ಸ್ಥಿರಪಡಿಸಿತು. 1947ರಲ್ಲಿ ಭಾರತವು ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ತೀನಿನ ವಿಭಜನೆಯ ವಿರುದ್ಧ ಮತವಿತ್ತಿತು. 1948ರ ಏಪ್ರಿಲಿನಲ್ಲಿ ಹೈಫಾದ ಅರಬರಲ್ಲಿ ಬಹುಮಂದಿ ಊರನ್ನು ತೊರೆದು ನಿರಾಶ್ರಿತರಾದರು. ಆ ಹಳೆಯ ನಂಬಿಕೆಯಾದರೋ ಸಮುದ್ರವನ್ನು ದಾಟಿ ಅಮೆರಿಕೆಯಲ್ಲಿ ಬಲಿಯಿತು. 2018ರ ಮೇ 14ರಂದು ಅಮೆರಿಕೆಯ ರಾಯಭಾರ ಕಚೇರಿಯು ಯೆರೂಸಲೇಮಿನಲ್ಲಿ ತೆರೆದಾಗ ಪ್ರಾರ್ಥಿಸಿದವರಲ್ಲಿ ಸುವಾರ್ತಾ ಬೋಧಕರೂ ಇದ್ದರು.

ಒಂದು ಗ್ರಂಥವನ್ನು ಓದುವ ರೀತಿಯು ರಾಜ್ಯನೀತಿಯಾದಾಗ, ಅದರ ಭಾರವನ್ನು ಹೊರುವವರು ಆ ಗ್ರಂಥವನ್ನು ಆ ರೀತಿ ಓದಿದವರೇ ಆಗಿರಬೇಕಾಗಿಲ್ಲ. ಹೈಫಾದ ಅರಬನೂ ಅದನ್ನು ಹೊತ್ತನು; ಮೈಸೂರಿನ ರಾವುತನೂ ತಾನರಿಯದೆ ಅದಕ್ಕೆ ಹೆಗಲು ಕೊಟ್ಟನು. ಜೆ. ಸಿ. ನಗರದ ಸ್ತಂಭವು ಅವನ ಶೌರ್ಯಕ್ಕೆ ಸಲ್ಲಬೇಕಾದ ಗೌರವ. ಈ ಕಥೆಯನ್ನು ಪೂರ್ತಿಯಾಗಿ ಅರಿಯುವುದೂ ಅದೇ ಗೌರವದ ಭಾಗವು.