ಗುಣವೆಂಬ ಹುರಿ

'ಬಿಡಿ, ಅವನ ಗುಣವೇ ಹಾಗೆ' ಎಂದು ಯಾರದೋ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸುವಾಗ, 'ಜ್ವರ ಗುಣವಾಯಿತೆ?' ಎಂದು ವಿಚಾರಿಸುವಾಗ, ಮಗುವಿಗೆ 'ಎಂಟನ್ನು ಏಳರಿಂದ ಗುಣಿಸು' ಎನ್ನುವಾಗ, ದೇವನೂ ಇಂದ್ರನೂ ಕೂಡಿ ದೇವೇಂದ್ರನಾದದ್ದಕ್ಕೆ ಗುಣಸಂಧಿ ಎಂದು ಬಾಯಿಪಾಠ ಒಪ್ಪಿಸುವಾಗ ನಾವು ಆಡುವುದು ಒಂದೇ ಪದವನ್ನೋ, ಒಂದೇ ವೇಷ ತೊಟ್ಟ ನಾಲ್ಕು ಪದಗಳನ್ನೋ? ಪದಗಳ ಬೆನ್ನು ಹತ್ತುವ ಚಟವಿರುವ ನಮಗೆ ಈ ಅನುಮಾನ ಒಮ್ಮೆ ಹುಟ್ಟಿತೆಂದರೆ ನಿದ್ದೆ ಹತ್ತುವುದಿಲ್ಲ.

ಒಂದೇ ಪದ. ಸಂಸ್ಕೃತದಲ್ಲಿ ಗುಣವೆಂದರೆ ಮೊದಲಿಗೆ ನೂಲು, ಹಗ್ಗದ ಎಳೆ, ಬಿಲ್ಲಿನ ಹೆದೆ. ದೇವರ ಮುಂದೆ ಕುಳಿತು ಬತ್ತಿ ಹೊಸೆಯುವ ಅಜ್ಜಿಯನ್ನೋ, ತೊಡೆಯ ಮೇಲೆ ನಾರಿಟ್ಟು ಹಗ್ಗ ಹೊಸೆಯುವ ರೈತನನ್ನೋ ನೆನೆದುಕೊಂಡರೆ ಮುಂದಿನ ದಾರಿ ತಾನಾಗಿ ತೆರೆಯುತ್ತದೆ. ಎರಡು ಎಳೆಯ ಹುರಿ ದ್ವಿಗುಣ, ಮೂರೆಳೆಯದು ತ್ರಿಗುಣ. ಎಳೆಗಳ ಈ ಎಣಿಕೆಯೇ 'ಇಷ್ಟು ಪಟ್ಟು' ಎಂಬ ಅರ್ಥಕ್ಕೆ ಜಾರಿ, ಗುಣಿಸು, ಗುಣಕ, ಗುಣ್ಯ, ಗುಣಲಬ್ಧ ಎಂಬ ಇಡೀ ಗಣಿತದ ಸಂಸಾರವನ್ನು ಹೂಡಿತು. ಸಂಸ್ಕೃತ ಹೊಸೆದು ಎಣಿಸಿದ್ದನ್ನು ನಮ್ಮ ಕನ್ನಡ ಮಡಿಸಿ ಎಣಿಸಿತು: ಇಮ್ಮಡಿ, ಮುಮ್ಮಡಿ, ನಾಲ್ವಡಿ, ನೂರ್ಮಡಿ. ಅಲ್ಲಿ ಹಗ್ಗ, ಇಲ್ಲಿ ಬಟ್ಟೆ.

ಶಾಸ್ತ್ರಗಳ ಕೈಗೆ ಸಿಕ್ಕ ಮೇಲೆ ಈ ಎಳೆ ಎಷ್ಟು ದಿಕ್ಕಿಗೆ ಹರಿಯಿತೆಂದರೆ, ಸಾಂಖ್ಯರು ಪ್ರಕೃತಿಯನ್ನೇ ಸತ್ತ್ವ, ರಜಸ್ಸು, ತಮಸ್ಸುಗಳ ಮೂರೆಳೆಯ ಹುರಿಯೆಂದರು. ವೈಶೇಷಿಕರು ದ್ರವ್ಯವನ್ನು ಆಶ್ರಯಿಸಿರುವ ಬಣ್ಣ, ರುಚಿ, ಗಂಧ ಮೊದಲಾದವನ್ನು ಗುಣವೆಂದು ಕರೆದು, ಕೊನೆಗೆ ಅವನ್ನು 24ಕ್ಕೆ ನಿಲ್ಲಿಸಿದರು. ಆಯುರ್ವೇದದವರು ಗುರು–ಲಘು, ಶೀತ–ಉಷ್ಣ, ಸ್ನಿಗ್ಧ–ರೂಕ್ಷ ಎಂದು ಒಂದಕ್ಕೊಂದು ಎದುರಾದ ಹತ್ತು ಜೋಡಿಗಳಲ್ಲಿ 20 ಗುಣ ಎಣಿಸಿದರು. ಪಾಣಿನಿ ಅ, ಏ, ಓ ಎಂಬ ಮೂರು ಸ್ವರಗಳಿಗೆ ಈ ಹೆಸರಿಟ್ಟ. ಆಲಂಕಾರಿಕರು ಕಾವ್ಯಕ್ಕೆ ಗುಣ ಹುಡುಕಿದರು, 9ನೆಯ ಶತಮಾನದ ಕವಿರಾಜಮಾರ್ಗವೂ ಅದೇ ಜಾಡಿನಲ್ಲಿ ಗುಣದೋಷಗಳನ್ನು ತೂಗಿತು. ಇತ್ತ ಮೀಮಾಂಸಕರು ಪ್ರಧಾನಕ್ಕೆ ಅಧೀನವಾದದ್ದನ್ನು ಗುಣವೆಂದರು. ನಾವು ಇಂದಿಗೂ ತಾತ್ಸಾರದಿಂದ 'ಅದು ಗೌಣ' ಎನ್ನುವಾಗ ಆಡುವುದು ಇದೇ ಗುಣದ ಮಗನನ್ನು.

ಪದಕ್ಕೆ ಇನ್ನೊಂದು ತಿರುವೂ ಉಂಟು. ಪಂಪ ತನ್ನ ದೊರೆ ಅರಿಕೇಸರಿಯನ್ನು ಗುಣಾರ್ಣವನೆಂದಾಗ, ಆ ಕಡಲಲ್ಲಿ ತುಂಬಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲ. ಬರಿಯ ಗುಣವೆಂದರೆ ಒಳ್ಳೆಯ ಗುಣವೇ. ಕೆಟ್ಟದ್ದಕ್ಕೆ ಮಾತ್ರ ದುರ್ಗುಣ, ಅವಗುಣ ಎಂಬ ಮುಂಪಟ್ಟಿ ಬೇಕು. ಗುಣವಂತೆ ಎಂದರೆ ಸಾಕು, ಯಾವ ಗುಣದವಳು ಎಂದು ಬಿಡಿಸಬೇಕಿಲ್ಲ. ಈ ಒಳಿತಿನ ಬಾಗಿಲಿನಿಂದಲೇ ಮದ್ದಿನ ಗುಣವೂ, ಆ ಮದ್ದು ಕುಡಿದವರು ಗುಣಮುಖರಾಗುವುದೂ ಒಳಗೆ ಬಂದವು.

ಇಷ್ಟೆಲ್ಲ ಹೊತ್ತಿದ್ದ ಪದದ ಮೇಲೆ ಮನಶ್ಶಾಸ್ತ್ರದ ಪಠ್ಯಗಳು ಇನ್ನೊಂದು ಹೊರೆ ಹೊರಿಸಿದವು: ಇಂಗ್ಲಿಷಿನ 'ಟ್ರೇಟ್' ಎಂಬುದಕ್ಕೆ ಗುಣಲಕ್ಷಣ. ಆ ಟ್ರೇಟಿನ ಬೇರು ಲ್ಯಾಟಿನ್ನಿನಲ್ಲಿ 'ಎಳೆ' ಎಂಬ ಕ್ರಿಯೆಯಲ್ಲಿದೆ. ಫ್ರೆಂಚರಲ್ಲಿ ಅದು ಎಳೆದ ಗೆರೆಯಾಗಿ, ಮುಖದ ರೇಖೆಯಾಗಿ, ಆಮೇಲೆ ಸ್ವಭಾವದ ರೇಖೆಯಾಯಿತು. ಅವರದು ಮೈಮೇಲೆ ಎಳೆದ ಗೆರೆ, ನಮ್ಮದು ಒಳಗೆ ಹೊಸೆದ ಎಳೆ. ಎಳೆ ಎಂಬ ಕನ್ನಡ ಪದ ಅವರ ಕ್ರಿಯೆಗೂ ನಮ್ಮ ನಾಮಪದಕ್ಕೂ ಒದಗಿದ್ದು ಬರಿಯ ಆಕಸ್ಮಿಕ, ಆದರೂ ಸವಿಯಾದ ಆಕಸ್ಮಿಕ.

ಈ ಮನಶ್ಶಾಸ್ತ್ರಜ್ಞರೂ ಮೂಲದಲ್ಲಿ ನಮ್ಮ ಜಾತಿಯವರೇ, ನಿಘಂಟು ಮಗುಚುವವರು. ಜನರ ನಡುವಿನ ಮುಖ್ಯವಾದ ಸ್ವಭಾವಭೇದಗಳಿಗೆಲ್ಲ ಭಾಷೆ ಎಂದೋ ಹೆಸರಿಟ್ಟಿರುತ್ತದೆ ಎಂಬುದು ಅವರ ನಂಬಿಕೆ. 1884ರಲ್ಲಿ ಫ್ರಾನ್ಸಿಸ್ ಗಾಲ್ಟನ್ ರೋಜೆಯ ಪದಕೋಶವನ್ನು ತಿರುವಿ ಇಂಥವು ಸಾವಿರದಷ್ಟಿವೆ ಎಂದು ಅಂದಾಜಿಸಿದ. 1936ರಲ್ಲಿ ಗಾರ್ಡನ್ ಆಲ್ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ವೆಬ್‌ಸ್ಟರ್ ನಿಘಂಟನ್ನು ಜಾಲಾಡಿ 17,953 ಪದಗಳನ್ನು ಹೆಕ್ಕಿ ನಾಲ್ಕು ಸಾಲಿನಲ್ಲಿ ಹರಡಿದರು: ಸ್ಥಿರವಾದ ಸ್ವಭಾವ ಹೇಳುವ 4,504, ಬಂದು ಹೋಗುವ ಮನಃಸ್ಥಿತಿಯ 4,541, ಬರಿಯ ಹೊಗಳಿಕೆ–ತೆಗಳಿಕೆಯ 5,226, ಉಳಿದ ಚಿಲ್ಲರೆ 3,682. ನಮ್ಮ ಪದಗಳನ್ನು ಹೀಗೆ ಹರಡಿದರೆ ಸಿಡುಕ, ಜಿಪುಣ, ಪುಕ್ಕಲ, ಹಠಮಾರಿ, ವಾಚಾಳಿ, ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವ ಗುಮ್ಮನಗುಸುಕ, ಇವರೆಲ್ಲ ಮೊದಲ ಸಾಲಿಗೆ, 'ಸಿಟ್ಟಾಗಿದ್ದಾನೆ' ಎರಡನೆಯದಕ್ಕೆ. ಗುಣವಂತ? ಮೆಚ್ಚುಗೆಯಲ್ಲದೆ ಬೇರೇನನ್ನೂ ಹೇಳದ ಅವನು ಮೂರನೆಯ ಸಾಲಿಗೆ ಬೀಳುತ್ತಾನೆ. ಗುಣದ ಪಟ್ಟಿಯಿಂದ ಮೊದಲು ಹೊರಬೀಳುವವನು ಗುಣವಂತನೇ!

ಅಳೆಯುವುದು ಹೇಗೆ? ಜನರ ಮುಂದೆ ಪದಗಳನ್ನೋ ವಾಕ್ಯಗಳನ್ನೋ ಇಟ್ಟು 'ಖಂಡಿತ ಒಪ್ಪುತ್ತೇನೆ' ಎಂಬಲ್ಲಿಂದ 'ಖಂಡಿತ ಇಲ್ಲ' ಎಂಬಲ್ಲಿಯವರೆಗಿನ ಐದು ಮೆಟ್ಟಿಲಲ್ಲಿ ಒಂದನ್ನು ಆರಿಸಲು ಹೇಳುತ್ತಾರೆ. ಮಾತುಗಾರ, ಸ್ನೇಹಜೀವಿ ಎಂಬ ಎರಡು ಪದ ತೆಗೆದುಕೊಳ್ಳೋಣ. ಒಬ್ಬಾಕೆ ಮೊದಲನೆಯದರಲ್ಲಿ ಸರಾಸರಿಗಿಂತ ಎರಡು ಮೆಟ್ಟಿಲು ಮೇಲೆ, ಎರಡನೆಯದರಲ್ಲಿ ಒಂದು ಮೆಟ್ಟಿಲು ಮೇಲೆ ಇದ್ದರೆ, ಎರಡನ್ನು ಒಂದರಿಂದ ಗುಣಿಸಿ ಎರಡು. ಇನ್ನೊಬ್ಬ ಅಷ್ಟಷ್ಟೇ ಕೆಳಗಿದ್ದರೂ ಋಣ ಋಣ ಸೇರಿ ಧನವಾಗಿ ಮತ್ತೆ ಎರಡು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಇರುವವರದು ಋಣ. ಎಲ್ಲರ ಗುಣಲಬ್ಧಗಳ ಸರಾಸರಿ ತೆಗೆದು, ಆಯಾ ಪದದ ಅಂಕಗಳು ಎಷ್ಟು ಚದುರಿವೆಯೋ ಅದಕ್ಕೆ ತಕ್ಕಂತೆ ಭಾಗಿಸಿದರೆ ಸಿಗುವ ಅಂಕಿ ‒1ರಿಂದ +1ರ ಒಳಗೆ ನಿಲ್ಲುತ್ತದೆ. ಒಂದಕ್ಕೆ ಹತ್ತಿರವಾದಷ್ಟೂ ಎರಡು ಪದಗಳು ಜೊತೆಜೊತೆಗೇ ನಡೆಯುತ್ತವೆಂದು ಅರ್ಥ. ಅದಕ್ಕೆ ನಮ್ಮ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿರುವ ಹೆಸರು ನೋಡಿ: ಸಹಸಂಬಂಧ ಗುಣಾಂಕ. ಗುಣವನ್ನು ಅಳೆಯಲು ಗುಣಿಸಿದರು, ಬಂದದ್ದು ಗುಣಾಂಕ.

ಮುಂದಿನ ಕೆಲಸ ಅಜ್ಜಿಯದೇ, ಹೊಸೆಯುವುದು. ಜೊತೆಗೆ ನಡೆಯುವ ಪದಗಳನ್ನು ಒಂದು ಹುರಿಗೆ ಸೇರಿಸುವ ಈ ಲೆಕ್ಕಕ್ಕೆ ಫ್ಯಾಕ್ಟರ್ ಅನಾಲಿಸಿಸ್ ಎಂದು ಹೆಸರು. ರೇಮಂಡ್ ಕ್ಯಾಟೆಲ್ ಸಾವಿರಾರು ಪದಗಳನ್ನು 171ಕ್ಕೆ, ಅವನ್ನು 35ಕ್ಕೆ ಇಳಿಸಿ, 1949ರ ಹೊತ್ತಿಗೆ 16 ಅಂಶಗಳ ಪರೀಕ್ಷೆ ಕಟ್ಟಿದ. 1961ರಲ್ಲಿ ಟ್ಯೂಪ್ಸ್ ಮತ್ತು ಕ್ರಿಸ್ಟಲ್ ಅಮೆರಿಕದ ವಾಯುಪಡೆಗಾಗಿ ಇಂಥದೇ ಲೆಕ್ಕ ಹಾಕಿದಾಗ ಮತ್ತೆ ಮತ್ತೆ ಸಿಕ್ಕವು ಐದೇ. ಬಹಿರ್ಮುಖತೆ, ಸೌಜನ್ಯ, ಕರ್ತವ್ಯನಿಷ್ಠೆ, ಮನಸ್ಸಿನ ತಳಮಳ, ಹೊಸತಿಗೆ ತೆರೆದಿರುವಿಕೆ ಎಂದು ಸ್ಥೂಲವಾಗಿ ಹೇಳಬಹುದಾದ ಈ ಐದಕ್ಕೆ ಲೂಯಿಸ್ ಗೋಲ್ಡ್‌ಬರ್ಗ್ 1981ರಲ್ಲಿ 'ಬಿಗ್ ಫೈವ್' ಎಂದ. ಕೋಸ್ಟಾ ಮತ್ತು ಮೆಕ್ರೇ 1992ರಲ್ಲಿ ಕೊಟ್ಟ ಪ್ರಶ್ನಾವಳಿಯಲ್ಲಿ ಐದು ಹುರಿ, ಹುರಿಗೆ ಆರು ಎಳೆ, ಎಳೆಗೆ ಎಂಟು ವಾಕ್ಯ, ಒಟ್ಟು 240. ಆ ಆರಾರು ಉಪಗುಣಗಳು ಮುಖ್ಯಗುಣಕ್ಕೆ ಅಧೀನ. ಮೀಮಾಂಸಕರು ಕಂಡಿದ್ದರೆ ಅವನ್ನೇ ಗುಣವೆನ್ನುತ್ತಿದ್ದರು.

ಆದರೆ ಸಾಂಖ್ಯರ ಹುರಿಗೂ ಇವರ ಹುರಿಗೂ ಒಂದು ಸೂಕ್ಷ್ಮ ಅಂತರವಿದೆ. ಸಾಂಖ್ಯರದು ಪ್ರತಿಯೊಂದು ಜೀವದೊಳಗೂ ಹೊಸೆದುಕೊಂಡಿರುವುದು. ಇವರದು ನೂರಾರು ಜನರನ್ನು ಒಬ್ಬರೊಡನೊಬ್ಬರನ್ನು ಹೋಲಿಸಿದಾಗ ಮಾತ್ರ ಕಾಣುವುದು. ಒಬ್ಬಂಟಿಗೆ ಗುಣಾಂಕವಿಲ್ಲ. ಎಳೆ ಎಷ್ಟೆಂಬುದೂ ಹೆಕ್ಕಿದ ಭಾಷೆಯನ್ನು ಅವಲಂಬಿಸುತ್ತದೆ: ಹಲವು ಭಾಷೆಗಳ ಪದರಾಶಿಯಲ್ಲಿ ಆಷ್ಟನ್ ಮತ್ತು ಲೀ ಪ್ರಾಮಾಣಿಕತೆ–ವಿನಯ ಎಂಬ ಆರನೆಯ ಹುರಿ ಕಂಡರು, ಹಿಂದಿಯ ಪದಗಳನ್ನು ಜಾಲಿಸಿದ 2013ರ ಅಧ್ಯಯನವೊಂದು ಅಲ್ಲಿ ತ್ರಿಗುಣಗಳ ಛಾಯೆ ಗುರುತಿಸಿತು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯ ಮಾತೇನು? ಅವಳಿಗಳ ಅಧ್ಯಯನಗಳು ಜನರ ನಡುವಿನ ಈ ಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಹುಟ್ಟಿಗೆ ಬಿಟ್ಟುಕೊಡುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಜನರಲ್ಲಿ ಕರ್ತವ್ಯನಿಷ್ಠೆ, ಸೌಜನ್ಯಗಳು ತುಸು ಏರುತ್ತವೆ ಎಂಬುದನ್ನೂ ಇದೇ ಪ್ರಶ್ನಾವಳಿಗಳು ತೋರಿಸಿವೆ. ಗಾದೆ ಗುಣವನ್ನು ನಾಮಪದವಾಗಿ ಕೂರಿಸಿದೆ. ಹಾಸಿಗೆ ಹಿಡಿದವರ ಪಕ್ಕ ಕುಳಿತು 'ಈಗ ಗುಣ ಆಗ್ತಾ ಇದೆಯಾ?' ಎಂದು ಕೇಳುವ ನಾವೇ ಅದನ್ನು ಕ್ರಿಯಾಪದ ಮಾಡಿಕೊಂಡು ನಡೆಸುತ್ತ ಬಂದಿದ್ದೇವೆ.