ಬಿಡದಿ ಪಕ್ಕ ಬಿದ್ದ ‘ಸರಸ್’

ಬಿಡದಿ ಎಂದರೆ ನಮ್ಮ ಮಲ್ಲಂದೂರು ಕಡೆಯವರಿಗೆ ತಟ್ಟೆ ಇಡ್ಲಿ ನೆನಪಾಗುತ್ತದೆ. ಅದರ ಪಕ್ಕದ ಶೇಷಗಿರಿಹಳ್ಳಿ ಬಳಿ 2009ರ ಮಾರ್ಚ್ 6ರಂದು ‘ಸರಸ್’ ವಿಮಾನ ಬಿತ್ತು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ, 14 ಸೀಟಿನ ವಿಮಾನದ ಎರಡನೇ ಮಾದರಿ ಅದು. ಪರೀಕ್ಷಾ ಹಾರಾಟದಲ್ಲಿದ್ದವರು ವಾಯುಪಡೆಯ ಮೂವರು: ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ, ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಯಾರೂ ಉಳಿಯಲಿಲ್ಲ.

ಅವತ್ತಿನ ಕೆಲಸ, ಆಕಾಶದಲ್ಲೇ ಒಂದು ಎಂಜಿನ್ ಆಫ್ ಮಾಡಿ ಮತ್ತೆ ಚಾಲೂ ಮಾಡುವುದು. ಘಾಟಿಯಲ್ಲಿ ಜೀಪು ಆಫಾದರೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಬಹುದು. ವಿಮಾನಕ್ಕೆ ಎತ್ತರವೊಂದೇ ಆಸರೆ. ಆ ಎತ್ತರ ಸಾಲದಾಗಿತ್ತು, ಎಂಜಿನ್ ಚಾಲೂ ಮಾಡಲು ವಿನ್ಯಾಸಕರು ಹಾಕಿಕೊಟ್ಟ ಕ್ರಮವೇ ತಪ್ಪಾಗಿತ್ತು ಎಂದಿತು ತನಿಖಾ ವರದಿ. ಅಪಘಾತವಾದರೆ ಮೊದಲು ಡ್ರೈವರನ್ನೇ ಬೈಯುತ್ತೇವಲ್ಲ, ಇಲ್ಲಿ ತಪ್ಪು ಹಾರುವ ಮುಂಚಿನ ಕಾಗದದಲ್ಲೇ ಇತ್ತು.

ಮೊದಲ ಮಾದರಿಯನ್ನು ತಿದ್ದಿ 2018ರ ಜನವರಿಯಲ್ಲಿ ಮತ್ತೆ ಹಾರಿಸಿದರು.